ಗ್ರಾಮಸಭೆಯೂ ಒಂದು ಅಮಾನತ್ತು

(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಸಕಲ ಲೋಕಗಳ ಪಾಲಕನಾದ ಅಲ್ಲಾಹನಿಗೆ. ಅಂತಿಮ ಪ್ರವಾದಿ ಹಝ್ರತ್ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದ ಮೇಲೆ, ಅವರ ಸಂಗಾತಿಗಳ ಮೇಲೆ ಶಾಂತಿ ಮತ್ತು ಕರುಣೆ ಇರಲಿ.

ಸಹೋದರರೇ, ಪವಿತ್ರ ಕುರ್‌ಆನಿನ 42ನೇ ಅಧ್ಯಾಯದ ಹೆಸರು 'ಅಶ್ಶೂರಾ'. ಶೂರಾ ಎಂದರೆ ಕೂಡಿ ಕುಳಿತು ಆಲೋಚಿಸುವುದು. ನಾವು ಮನೆಯಲ್ಲಿ ಇದನ್ನೇ ಮಶೂರಾ ಅನ್ನುತ್ತೇವೆ. ಆ ಅಧ್ಯಾಯದ 38ನೇ ವಚನದಲ್ಲಿ ಅಲ್ಲಾಹನು ವಿಶ್ವಾಸಿಗಳ ಗುಣಗಳನ್ನು ಸಾಲಾಗಿ ಹೇಳುತ್ತಾನೆ. ಪ್ರಭುವಿನ ಕರೆಗೆ ಓಗೊಡುವುದು ಮೊದಲನೆಯದು. ನಮಾಝ್ ಸ್ಥಾಪಿಸುವುದು ಎರಡನೆಯದು. ತಮ್ಮ ವ್ಯವಹಾರಗಳನ್ನು ಪರಸ್ಪರ ಸಮಾಲೋಚನೆಯಿಂದ ನಡೆಸುವುದು ಮೂರನೆಯದು. ಅವನು ಕೊಟ್ಟದ್ದರಿಂದ ಖರ್ಚು ಮಾಡುವುದು ನಾಲ್ಕನೆಯದು. ಈ ಸಾಲನ್ನು ಗಮನಿಸಿರಿ. ನಮಾಝ್ ಮತ್ತು ದಾನದ ನಡುವೆ ಮಶೂರಾ ಇದೆ. ನಮಾಝ್ ಬಿಟ್ಟರೆ ನಮಗೆ ಅಳುಕಾಗುತ್ತದೆ. ಝಕಾತ್ ತಪ್ಪಿದರೆ ರಮಝಾನ್ ತಿಂಗಳಲ್ಲಿ ನಿದ್ದೆ ಬರುವುದಿಲ್ಲ. ನಡುವಿನ ಈ ಗುಣ ತಪ್ಪಿಹೋದಾಗ ಮಾತ್ರ ನಮಗೆ ಏನೂ ಅನಿಸುವುದಿಲ್ಲ.

ಇನ್ನೊಂದು ವಿಷಯ. ಈ ಅಧ್ಯಾಯ ಅವತರಿಸಿದ್ದು ಮಕ್ಕಾದಲ್ಲಿ. ಆಗ ಮುಸ್ಲಿಮರು ಬೆರಳೆಣಿಕೆಯ ಮಂದಿ. ಅವರಿಗೆ ರಾಜ್ಯವಿರಲಿಲ್ಲ, ಖಜಾನೆ ಇರಲಿಲ್ಲ, ಊರಿನಲ್ಲಿ ನಿರ್ಭಯವಾಗಿ ನಡೆದಾಡುವ ಸ್ಥಿತಿಯೂ ಇರಲಿಲ್ಲ. ಅಂಥ ಜನರ ಗುಣವೆಂದೇ ಅಲ್ಲಾಹನು ಸಮಾಲೋಚನೆಯನ್ನು ಹೇಳಿದನು. "ನಾವು ಕಡಿಮೆ ಸಂಖ್ಯೆಯವರು, ನಮ್ಮ ಮಾತು ಎಲ್ಲಿ ನಡೆಯುತ್ತದೆ" ಎಂದು ಹೇಳಿ ಮನೆಯಲ್ಲಿ ಕುಳಿತುಕೊಳ್ಳಲು ಈ ವಚನ ನಮಗೆ ಅವಕಾಶ ಕೊಡುವುದಿಲ್ಲ.

ಮದರಸಾದಲ್ಲಿ ಈ ಪಾಠ ಓದುವಾಗ ನಾವು ಇದನ್ನು ಖಲೀಫರ ಕಾಲದ ವಿಷಯವೆಂದು ತಿಳಿದಿದ್ದೆವು. ನಮ್ಮ ಊರಿನ ಪಂಚಾಯಿತಿ ಕಟ್ಟೆಗೂ ಇದಕ್ಕೂ ಸಂಬಂಧವಿದೆ ಎಂದು ಹೊಳೆದದ್ದು ಬಹಳ ತಡವಾಗಿ. ಹೇಗೆ ಹೊಳೆಯಿತು ಎಂಬುದನ್ನು ಹೇಳುತ್ತೇವೆ. ಇದು ನಮ್ಮದೇ ತಪ್ಪಿನ ಕಥೆ.

ಖಾಲಿ ಉಳಿದ ಸಹಿಯ ಜಾಗ

ಕೆಲವು ವರ್ಷಗಳ ಹಿಂದೆ ನಮ್ಮ ಊರಿನಲ್ಲಿ ವಾರ್ಡ್ ಸಭೆಯ ಡಂಗುರ ಸಾರಿದರು. ಅಸರ್ ನಮಾಝ್ ಮುಗಿಸಿ ಹೊರಬಂದಾಗ ನಮ್ಮ ಕಿವಿಗೂ ಬಿತ್ತು. ಯಾರೂ ಹೋಗಲಿಲ್ಲ, ನಾವೂ ಹೋಗಲಿಲ್ಲ. ಕೆಲವು ತಿಂಗಳ ನಂತರ ಕಾಮಗಾರಿಗಳ ಪಟ್ಟಿ ಬಂತು. ನೀರಿನ ಪೈಪು ನಮ್ಮ ಓಣಿಯ ಮೂಲೆಯವರೆಗೆ ಬಂದು ನಿಂತಿತ್ತು. ಚರಂಡಿಯ ಹೆಸರೇ ಇರಲಿಲ್ಲ. ಜುಮಾ ದಿನ ಮಸೀದಿಯ ಅಂಗಳದಲ್ಲಿ ಜನ ಸಿಟ್ಟಾದರು. "ನಮ್ಮ ಓಣಿ ಅಂದ್ರ ಇವರ ಕಣ್ಣಿಗೆ ಕಾಣಂಗಿಲ್ಲ" ಎಂದರು. ನಾವೂ ಅದೇ ಸಿಟ್ಟಿನಲ್ಲಿ ನಾಲ್ಕು ಹಿರಿಯರನ್ನು ಕರೆದುಕೊಂಡು ಪಂಚಾಯಿತಿಗೆ ಹೋದೆವು.

ಅಲ್ಲಿನ ಅಧಿಕಾರಿ ನಮ್ಮ ಮಾತನ್ನೆಲ್ಲ ಕೇಳಿಕೊಂಡರು. ಆಮೇಲೆ ನಡಾವಳಿ ಪುಸ್ತಕ ತೆಗೆದು ನಮ್ಮ ಮುಂದೆ ಇಟ್ಟರು. "ಸಭೆಗೆ ನಿಮ್ಮ ಓಣಿಯಿಂದ ಯಾರು ಬಂದಿದ್ರಿ ಹಜರತ್?" ಎಂದು ಕೇಳಿದರು. ಪುಟ ತಿರುವಿದೆವು. ಬೇರೆ ಓಣಿಗಳ ಗಂಡಸರ ಸಹಿ ಇತ್ತು, ಹೆಣ್ಣುಮಕ್ಕಳ ಹೆಬ್ಬೆಟ್ಟಿನ ಗುರುತು ಇತ್ತು. ನಮ್ಮ ಓಣಿಯ ಒಂದು ಹೆಸರೂ ಇರಲಿಲ್ಲ. ಎಲ್ಲ ಕಡೆಯೂ ಸಭೆಗಳು ಹೀಗೆ ಸರಿಯಾಗಿ ನಡೆಯುತ್ತವೆ ಎಂದು ನಾವು ಹೇಳುವುದಿಲ್ಲ. ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಸಭೆ ಆಯಿತೆಂದು ಬರೆದುಕೊಳ್ಳುವ ಊರುಗಳೂ ಉಂಟು. ಆದರೆ ಆ ದಿನ ನಮ್ಮ ಊರಿನಲ್ಲಿ ಸಭೆ ನಡೆದಿತ್ತು, ತಪ್ಪಿಸಿಕೊಂಡವರು ನಾವು.

ಮುಂದಿನ ಸಲ ಸಭೆಗೆ ಮೊದಲೇ ಇಶಾ ನಮಾಝ್ ಆದ ಮೇಲೆ ಜಮಾಅತನ್ನು ಕೂರಿಸಿದೆವು. ಏನು ಕೇಳಬೇಕು ಎಂದಾಗ ಗಂಡಸರು ಹೇಳಿದ ಪಟ್ಟಿ ಹೀಗಿತ್ತು: ಖಬರಸ್ತಾನಕ್ಕೆ ಕಾಂಪೌಂಡ್ ಗೋಡೆ, ಶಾದಿಮಹಲ್, ಮಸೀದಿ ಮುಂದಿನ ರಸ್ತೆಗೆ ಕಾಂಕ್ರೀಟ್. ಮರುದಿನ ಹೆಣ್ಣುಮಕ್ಕಳನ್ನು ಮಕ್ತಬಿನ ಕೋಣೆಯಲ್ಲಿ ಸೇರಿಸಿ ಕೇಳಿದೆವು. ಒಬ್ಬ ಮುದುಕಿ, ನಮ್ಮ ತಾಯಿಯ ವಯಸ್ಸಿನವರು, ಹೇಳಿದರು: "ಹಜರತ್, ಸತ್ತವರಿಗೆ ಗ್ವಾಡಿ ಕಟ್ಟೂದು ಆಮ್ಯಾಲೆ. ಬದುಕಿದ್ದವರಿಗೆ ನೀರ ಯಾವಾಗ ಬಿಡ್ತಾರಂತ ಮೊದಲ ಕೇಳ್ರಿ."

ಅವರ ಮೊಮ್ಮಗಳು ಏಳನೇ ಇಯತ್ತೆಯ ಹುಡುಗಿ. ನೀರು ಬರುವುದು ಶಾಲೆಯ ಹೊತ್ತಿಗೆ. ತಾಯಿ ಬೀಜದ ಕಂಪನಿಯ ಪ್ಲಾಟಿಗೆ ಕೂಲಿಗೆ ಹೋದರೆ ಮೂಲೆಯ ನಲ್ಲಿಯಲ್ಲಿ ಕೊಡಕ್ಕೆ ಸಾಲು ನಿಲ್ಲುವವಳು ಆ ಹುಡುಗಿ. ವಾರಕ್ಕೆ ಎರಡು ಮೂರು ದಿನ ಶಾಲೆ ತಪ್ಪುತ್ತಿತ್ತು. ನಾವು ಪ್ರತಿ ಜುಮಾದಲ್ಲಿ ವಿದ್ಯೆ ಕಲಿಯುವುದು ಕಡ್ಡಾಯವೆಂದು ಹೇಳುತ್ತಲೇ ಇದ್ದೆವು. ಆ ಮಗು ಶಾಲೆ ಬಿಡುವುದು ನೀರಿನ ವೇಳೆಯಿಂದ ಎಂದು ನಮಗೆ ಗೊತ್ತಿರಲಿಲ್ಲ. ಮಶೂರಾ ಮಾಡದೆ ಉಪದೇಶ ಮಾಡಿದರೆ ಹೀಗಾಗುತ್ತದೆ ಸಹೋದರರೇ.

ಪ್ರವಾದಿಯವರು(ಸ) ಕೇಳುತ್ತಿದ್ದರು

ಬದ್ರ್ ಯುದ್ಧದ ಸಂದರ್ಭದಲ್ಲಿ ಪ್ರವಾದಿಯವರು(ಸ) ಒಂದು ಕಡೆ ಬಿಡಾರ ಹೂಡಿದರು. ಆಗ ಹುಬಾಬ್ ಬಿನ್ ಮುಂಝಿರ್(ರ) ಎಂಬ ಸಂಗಾತಿ ಮುಂದೆ ಬಂದರು. ಈ ಜಾಗ ಅಲ್ಲಾಹನ ಆಜ್ಞೆಯಿಂದ ಆರಿಸಿದ್ದೋ, ಅಥವಾ ತಮ್ಮ ಅಭಿಪ್ರಾಯವೋ ಎಂದು ವಿನಯದಿಂದ ಕೇಳಿದರು. ಅಭಿಪ್ರಾಯ ಎಂದು ತಿಳಿದಾಗ, ಬಾವಿಗಳ ಹತ್ತಿರಕ್ಕೆ ಹೋಗುವುದು ಒಳ್ಳೆಯದು ಎಂದು ಸೂಚಿಸಿದರು. ಪ್ರವಾದಿಯವರು(ಸ) ಎದ್ದು ಬಿಡಾರವನ್ನು ಅಲ್ಲಿಗೆ ಬದಲಿಸಿದರು ಎಂದು ಸೀರತ್ ಗ್ರಂಥಗಳಲ್ಲಿದೆ. ನೀರು ಎಲ್ಲಿದೆ ಎಂದು ಬಲ್ಲವನ ಮಾತಿಗೆ ಅಲ್ಲಾಹನ ರಸೂಲರು ಕಿವಿಗೊಟ್ಟರು. ನಮ್ಮ ಭಾಗದಲ್ಲಿ ಯಾವ ಕೊಳವೆಬಾವಿಯಲ್ಲಿ ಸಿಹಿ ನೀರು, ಯಾವುದರಲ್ಲಿ ಫ್ಲೋರೈಡ್ ನೀರು ಎಂದು ಮೊದಲು ತಿಳಿಯುವುದು ದಿನಾ ಕೊಡ ಹೊರುವವರಿಗೆ. ಅವರನ್ನು ಕೇಳದೆ ಮಾಡಿದ ಯೋಜನೆ ಹೇಗೆ ಸರಿಯಾದೀತು?

ಉಹುದಿನ ಘಟನೆ ಇನ್ನೂ ಆಳವಾದದ್ದು. ಮದೀನಾದೊಳಗೇ ನಿಂತು ಎದುರಿಸೋಣ ಎಂಬುದು ಪ್ರವಾದಿಯವರ(ಸ) ಒಲವಾಗಿತ್ತು. ಯುವಕರು ಮತ್ತು ಹೆಚ್ಚಿನ ಜನ ಹೊರಗೆ ಹೋಗಿ ಎದುರಿಸೋಣ ಎಂದರು. ಪ್ರವಾದಿಯವರು(ಸ) ಅವರ ಮಾತನ್ನು ಒಪ್ಪಿ ಹೊರಟರು. ಆ ಯುದ್ಧದಲ್ಲಿ ಎಷ್ಟು ನೋವು, ಎಷ್ಟು ಸಾವು ಆಯಿತೆಂದು ನಿಮಗೆ ಗೊತ್ತು. ಜನರನ್ನು ಕೇಳಿದ್ದೇ ತಪ್ಪಾಯಿತು ಎಂದು ಹೇಳಲು ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಆದರೆ ಅದರ ನಂತರ ಅವತರಿಸಿದ 'ಆಲಿ ಇಮ್ರಾನ್' ಅಧ್ಯಾಯದ 159ನೇ ವಚನದಲ್ಲಿ ಅಲ್ಲಾಹನು, ಅವರನ್ನು ಕ್ಷಮಿಸಿ, ಮುಂದೆಯೂ ಅವರೊಡನೆ ಸಮಾಲೋಚಿಸಿ ಎಂದೇ ಆಜ್ಞೆ ಮಾಡಿದನು. ಸಭೆಯ ಒಂದು ತೀರ್ಮಾನ ತಪ್ಪಿದರೂ ಸಭೆ ಬಿಡಬಾರದು ಎಂಬುದು ನಮಗೆ ಇದರಲ್ಲಿರುವ ಪಾಠ.

ನಮ್ಮ ನಾಲ್ಕು ತಾಲೂಕುಗಳ ಸ್ಥಿತಿ

ಈಗ ನಮ್ಮ ನೆಲದ ಮಾತಿಗೆ ಬರೋಣ. ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಆದಾಗ ಇದ್ದದ್ದು ನಾಲ್ಕು ತಾಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಕುಕನೂರು, ಕಾರಟಗಿ, ಕನಕಗಿರಿ ಆಮೇಲೆ ತಾಲೂಕುಗಳಾದವು. ಒಂದೇ ಜಿಲ್ಲೆಯೊಳಗೆ ಎರಡು ಲೋಕ ಇವೆ. ಗಂಗಾವತಿ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ, ಭತ್ತದ ಗದ್ದೆ, ಅಕ್ಕಿ ಗಿರಣಿ. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ನೆಚ್ಚಿದ ಎರೆ ಮತ್ತು ಮಸಾರಿ ಹೊಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಬೆಂಗಳೂರು, ಮಂಗಳೂರು, ಗೋವಾ ಕಡೆ ಗುಳೆ ಹೋಗುತ್ತಾರೆ. ನಮ್ಮ ಮಕ್ತಬುಗಳಲ್ಲಿ ಹಾಜರಿ ಪುಸ್ತಕ ತೆರೆದು ನೋಡಿದರೆ ಗುಳೆಯ ತಿಂಗಳುಗಳು ಯಾವುವೆಂದು ಗೊತ್ತಾಗುತ್ತದೆ.

ಇದು ಸರಕಾರಕ್ಕೆ ಗೊತ್ತಿಲ್ಲದ ವಿಷಯವಲ್ಲ. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಕುಷ್ಟಗಿ, ಯಲಬುರ್ಗಾ ಆ ಪಟ್ಟಿಯಲ್ಲಿದ್ದವು. ಮುಂದೆ 2012ರಲ್ಲಿ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು, 371(ಜೆ) ವಿಧಿ ಬಂತು. ಕಲಬುರಗಿಯಲ್ಲಿ ಅಭಿವೃದ್ಧಿ ಮಂಡಳಿ ಆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಕಲ್ಯಾಣ ಕರ್ನಾಟಕವಾಯಿತು. 2023-24ರಲ್ಲಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಎಂದು ಸರಕಾರ ಘೋಷಿಸಿತು. ಹೋರಾಡಿ ಇದನ್ನೆಲ್ಲ ತಂದವರಿಗೆ ಅಲ್ಲಾಹನು ಒಳಿತು ಮಾಡಲಿ.

ಆದರೆ ಹಣ ಕಲಬುರಗಿವರೆಗೆ ಬಂದರೆ ಸಾಕೇ? ಯಾವ ಊರಿಗೆ, ಯಾವ ಓಣಿಗೆ, ಯಾವ ಕೆಲಸಕ್ಕೆ ಎಂದು ಹೇಳುವ ಬಾಯಿ ಕೆಳಗಿನಿಂದ ಬರಬೇಕು. ಹೇಳುವವರಿಲ್ಲದ ಕಡೆ ಗುತ್ತಿಗೆದಾರರಿಗೆ ಅನುಕೂಲವಾದದ್ದು ಕಟ್ಟಲ್ಪಡುತ್ತದೆ. ರಸ್ತೆಗೆ ಎರಡನೇ ಸಲ ರಸ್ತೆ ಬೀಳುತ್ತದೆ, ಹಳ್ಳಕ್ಕೆ ಸೇತುವೆ ಬರುವುದಿಲ್ಲ.

ನೀರ್ ಸಾಬ್ ಕೊಟ್ಟ ಬಾಗಿಲು

ಈ ಬಾಯಿಯನ್ನು ಹಳ್ಳಿಯ ಜನರಿಗೆ ಕೊಡಿಸಲು ದುಡಿದವರಲ್ಲಿ ಒಬ್ಬರು ನಮ್ಮವರೇ. ಬಿ.ಎ. ಓದುವಾಗ ಅವರ ಹೆಸರನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಅವರು ಗುಂಡ್ಲುಪೇಟೆಯ ಅಬ್ದುಲ್ ನಝೀರ್ ಸಾಬ್. ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿಯಾಗಿದ್ದರು. ಬರದ ಊರುಗಳಲ್ಲಿ ಕೊಳವೆಬಾವಿ ಕೊರೆಸಿದ್ದರಿಂದ ಜನ ಅವರನ್ನು 'ನೀರ್ ಸಾಬ್' ಎಂದು ಕರೆದರು. 1983ರ ಕಾಯ್ದೆಯಿಂದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳು ಬಂದವು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಹೆಣ್ಣುಮಕ್ಕಳಿಗೆ ಶೇ. 25ರಷ್ಟು ಸ್ಥಾನ ಮೀಸಲಾಯಿತು. ದೇಶಕ್ಕೆಲ್ಲ ಅನ್ವಯಿಸುವ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾದದ್ದು 1993ರಲ್ಲಿ. ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಇಂದಿಗೂ ಅವರ ಹೆಸರಿದೆ.

ನಝೀರ್ ಸಾಬರು 1988ರಲ್ಲಿ ತೀರಿಕೊಂಡರು. ಅವರು ನೀರು ಕೊಟ್ಟದ್ದು ಎಲ್ಲ ಊರಿಗೆ, ಅಧಿಕಾರ ಕೊಟ್ಟದ್ದು ಎಲ್ಲ ಜಾತಿಯವರಿಗೆ. ಅವರ ಹೆಸರು ಹೇಳಿ ಎದೆ ಉಬ್ಬಿಸುವ ನಾವು, ಅವರಂಥವರು ತೆರೆದಿಟ್ಟ ಬಾಗಿಲೊಳಗೆ ಕಾಲಿಡುತ್ತಿಲ್ಲ. ಇದು ನಾಚಿಕೆಯ ಸಂಗತಿ.

ಕರ್ನಾಟಕದ ಕಾಯ್ದೆಯ ಪ್ರಕಾರ ವಾರ್ಡ್ ಸಭೆ ಮತ್ತು ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಅಂದರೆ ನೀವು ಅಲ್ಲಿಗೆ ಅರ್ಜಿ ಹಿಡಿದ ಫಿರ್ಯಾದಿಯಾಗಿ ಹೋಗುವುದಿಲ್ಲ, ಸದಸ್ಯರಾಗಿ ಹೋಗುತ್ತೀರಿ. 'ನಮ್ಮ ಗ್ರಾಮ ನಮ್ಮ ಯೋಜನೆ' ಎಂಬ ಹೆಸರಿನಲ್ಲಿ ಪ್ರತಿ ಪಂಚಾಯಿತಿ ವರ್ಷದ ಅಭಿವೃದ್ಧಿ ಯೋಜನೆ ಮಾಡಬೇಕು. ಉದ್ಯೋಗ ಖಾತರಿಯ ಕೆಲಸಗಳಿಗೆ, ಮನೆ ಇಲ್ಲದವರ ಫಲಾನುಭವಿ ಪಟ್ಟಿಗೆ ಈ ಸಭೆಗಳ ಒಪ್ಪಿಗೆ ಬೇಕು. 15ನೇ ಹಣಕಾಸು ಆಯೋಗ 2026ರವರೆಗಿನ ಅವಧಿಗೆ ಪಂಚಾಯಿತಿಗಳಿಗೆಂದು ಶಿಫಾರಸು ಮಾಡಿದ ಅನುದಾನದಲ್ಲಿ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಆ ಮುದುಕಿ ಕೇಳಿದ ನೀರಿಗೆ ಹಣ ಇರಲಿಲ್ಲ ಎಂದೇನೂ ಅಲ್ಲ. ಕೇಳುವವರು ಇರಲಿಲ್ಲ.

ತಾಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಜನರು ಆರಿಸಿದ ಸದಸ್ಯರು ಮೇಲೆ ಇಲ್ಲದಾಗ ಗ್ರಾಮಸಭೆಯ ಬೆಲೆ ಇನ್ನೂ ಹೆಚ್ಚುತ್ತದೆ.

ನಮಗಷ್ಟೇ ಎಂದು ಕೇಳಬಾರದು

ಗ್ರಾಮಸಭೆಗೆ ಹೋಗುವುದೆಂದರೆ ನಮ್ಮ ಪಾಲು ಕಿತ್ತುಕೊಂಡು ಬರುವುದು ಎಂದು ಯಾರೂ ತಿಳಿಯಬಾರದು. ಪ್ರವಾದಿತ್ವಕ್ಕೆ ಮುಂಚೆ ಮಕ್ಕಾದಲ್ಲಿ ಅಬ್ದುಲ್ಲಾ ಬಿನ್ ಜುದ್ಆನ್ ಎಂಬವರ ಮನೆಯಲ್ಲಿ ಕೆಲವು ಮನೆತನಗಳು ಸೇರಿ ಒಪ್ಪಂದ ಮಾಡಿಕೊಂಡವು. ಅನ್ಯಾಯಕ್ಕೊಳಗಾದವನು ಯಾರೇ ಆಗಿರಲಿ, ಅವನ ಪರ ನಿಲ್ಲುತ್ತೇವೆ ಎಂಬುದು ಆ ಒಪ್ಪಂದ. ಅದಕ್ಕೆ 'ಹಿಲ್ಫುಲ್ ಫುಝೂಲ್' ಎಂದು ಹೆಸರು. ಯುವಕರಾಗಿದ್ದ ಪ್ರವಾದಿಯವರು(ಸ) ಅದರಲ್ಲಿ ಪಾಲ್ಗೊಂಡಿದ್ದರು. ಪ್ರವಾದಿಯಾದ ಮೇಲೂ, ಅಂಥದ್ದಕ್ಕೆ ಈಗ ಕರೆದರೂ ಹೋಗುವೆ ಎಂಬರ್ಥದ ಮಾತು ಹೇಳಿದರು. ಒಪ್ಪಂದ ಮಾಡಿದವರು ಯಾವ ಧರ್ಮದವರು ಎಂದು ಅವರು ನೋಡಲಿಲ್ಲ, ಕೆಲಸ ನ್ಯಾಯದ್ದೋ ಎಂದು ನೋಡಿದರು.

ನಮ್ಮ ಊರಿನ ಪೈಪಿನ ವಿಷಯದಲ್ಲೂ ಹಾಗೇ ಆಯಿತು. ಮೂಲೆಯಿಂದ ನಮ್ಮ ಓಣಿಗೆ ಪೈಪು ಬರಬೇಕಾದರೆ ಪರಿಶಿಷ್ಟರ ಕೇರಿಯ ಮುಂದೆಯೇ ಹಾದು ಬರಬೇಕು. ಅವರಿಗೂ ನೀರಿಲ್ಲ. ಎರಡೂ ಕಡೆಯವರು ಕೂಡಿ ಹೋದೆವು. ನಮ್ಮ ಹಿರಿಯರು ಮೊದಲು ಕೇರಿಯ ನೀರಿನ ಮಾತು ಎತ್ತಿದರು, ಕೇರಿಯ ಹಿರಿಯರು ಆಮೇಲೆ ನಮ್ಮ ಓಣಿಯ ಮಾತು ಎತ್ತಿದರು. ಬೇರೆ ಓಣಿಯವರು ತಲೆಯಾಡಿಸಿದರು. ಆ ಸಾಲು ನಡಾವಳಿಯಲ್ಲಿ ಬರೆಯಲ್ಪಟ್ಟಿತು.

ಕೊಪ್ಪಳದ ಹಿರೇಹಳ್ಳದ ಉದಾಹರಣೆ ನಿಮ್ಮ ಕಣ್ಣೆದುರಿಗೇ ಇದೆ. ಜಾಲಿ ಬೆಳೆದು, ಹೂಳು ತುಂಬಿ, ಹೊಲಸು ಹರಿಯುತ್ತಿದ್ದ ಹಳ್ಳವನ್ನು 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಮುಂದೆ ನಿಂತು ಶುಚಿಗೊಳಿಸಲು ಹೊರಟರು. ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಕೆಲಸ. ಹಳ್ಳಿಹಳ್ಳಿಯ ಜನ ಕೈಜೋಡಿಸಿದರು. ಕುಷ್ಟಗಿ ಬಳಿಯ ನಿಡಶೇಸಿ ಕೆರೆಯ ಹೂಳನ್ನೂ ಜನರೇ ಸೇರಿ ತೆಗೆದರು. ಒಳ್ಳೆಯ ಕೆಲಸವನ್ನು ಯಾರೇ ಮಾಡಲಿ, ಅದನ್ನು ಒಳ್ಳೆಯದೆಂದು ಹೇಳುವುದು ನಮ್ಮ ದೀನಿನ ರೀತಿ. ಹಳ್ಳ ಹರಿದರೆ ಎಲ್ಲರ ಬಾವಿಗೂ ನೀರು ಬರುತ್ತದೆ.

ಗಂಗಾವತಿ, ಕಾರಟಗಿ ಸೀಮೆಯ ರೈತ ಸಹೋದರರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. 133 ಟಿಎಂಸಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಸೀಮೆ ಎದೆ ಹಿಡಿದುಕೊಂಡು ಕುಳಿತಿತ್ತು. ಆ ನೀರು ಯಾರೊಬ್ಬರದ್ದೂ ಅಲ್ಲ. ಎಡದಂಡೆ ಕಾಲುವೆಯನ್ನು ಯೋಜಿಸಿದಾಗ ಹೆಚ್ಚಿನ ಜಮೀನಿಗೆ ಲಘು ನೀರಾವರಿ ಬೆಳೆ ಎಂದು ಲೆಕ್ಕ ಹಾಕಿದ್ದರು. ಮೇಲಿನವರೆಲ್ಲ ಭತ್ತ ಹಚ್ಚಿದ ಮೇಲೆ ರಾಯಚೂರು ಕಡೆಯ ಕೊನೆಯ ಭಾಗದ ರೈತರಿಗೆ ನೀರು ಮುಟ್ಟುವುದು ಕಷ್ಟವಾಯಿತು. ಮದೀನಾದಲ್ಲಿ ಝುಬೈರ್(ರ) ಮತ್ತು ಅವರ ನೆರೆಯವನ ನಡುವೆ ನೀರಿನ ಜಗಳ ಬಂದಾಗ ಪ್ರವಾದಿಯವರು(ಸ), ನಿನ್ನ ತೋಟಕ್ಕೆ ಹಾಯಿಸಿಕೊಂಡು ಆಮೇಲೆ ನೆರೆಯವನಿಗೆ ಬಿಡು ಎಂಬ ತೀರ್ಪು ಕೊಟ್ಟರು. ಮುನಿರಾಬಾದಿನಲ್ಲಿ ನೀರಾವರಿ ಸಲಹಾ ಸಮಿತಿಯ ಸಭೆ ಕೂಡಿದಾಗ ನಮ್ಮ ರೈತರು ಈ ತೀರ್ಪನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡಲಿ. ರಾತ್ರಿ ಅಕ್ರಮವಾಗಿ ಪಂಪ್ ಇಟ್ಟು ನೀರೆತ್ತಿ, ಬೆಳಿಗ್ಗೆ ಫಜರ್‌ಗೆ ಮೊದಲ ಸಾಲಿನಲ್ಲಿ ನಿಂತರೆ ಅಲ್ಲಾಹನಿಗೆ ತಿಳಿಯದೇ?

ಕಾರ್ಖಾನೆ, ರೈಲು, ದುಡಿಮೆ

ಈಗ ನಮ್ಮ ಜಿಲ್ಲೆ ಬೇಗ ಬದಲಾಗುತ್ತಿದೆ. ಭಾನಾಪುರದಲ್ಲಿ ಆಟಿಕೆ ತಯಾರಿಕೆಯ ಕ್ಲಸ್ಟರಿಗೆ 2021ರಲ್ಲಿ ಶಂಕುಸ್ಥಾಪನೆ ಆಯಿತು. ಅಲ್ಲಿಂದ ದೂರವಲ್ಲದ ಕಿನ್ನಾಳದಲ್ಲಿ ಚಿತ್ರಗಾರರು ತಲೆತಲಾಂತರದಿಂದ ಮರದ ಗೊಂಬೆ ಮಾಡುತ್ತ ಬಂದಿದ್ದಾರೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ಸಲ ರೈಲು ಬಂತು. ರೈಲು ನಮ್ಮ ದಾಳಿಂಬೆ, ಶೇಂಗಾ, ಸಜ್ಜೆಯನ್ನು ಹೊರಗೆ ಒಯ್ಯುತ್ತದೆಯೋ, ನಮ್ಮ ಹುಡುಗರನ್ನು ಮಾತ್ರ ಒಯ್ಯುತ್ತದೆಯೋ ಎಂಬುದು ನಾವು ಈಗ ಏನು ಕೇಳುತ್ತೇವೆ ಎಂಬುದರ ಮೇಲಿದೆ. ಶೀತಲಗೃಹ, ಗೋದಾಮು, ಐಟಿಐಯಲ್ಲಿ ಊರಿನ ಉದ್ಯಮಕ್ಕೆ ಬೇಕಾದ ತರಬೇತಿ ಇವನ್ನು ಕೇಳಬೇಕು. ಗಾದಿ ಹೊಲಿಯುವ ನದಾಫರ ಮನೆ, ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಗಿರಣಿಯ ಹಮಾಲಿ ಇವೆಲ್ಲ ನಮ್ಮವರ ದುಡಿಮೆ. ಯೋಜನೆಯ ಕಾಗದದಲ್ಲಿ ಇವುಗಳ ಹೆಸರು ಬರದಿದ್ದರೆ ಸಾಲ, ತರಬೇತಿ, ವಿಮೆ ಯಾವುದೂ ಅವರ ಬಾಗಿಲಿಗೆ ಬರುವುದಿಲ್ಲ.

2025ರ ಫೆಬ್ರವರಿ 24ರಂದು ಕೊಪ್ಪಳ ನಗರ ಬಂದ್ ಆದದ್ದು ನಿಮಗೆ ನೆನಪಿದೆ. ನಗರಕ್ಕೆ ಹತ್ತಿದಂತೆಯೇ ದೊಡ್ಡ ಉಕ್ಕಿನ ಕಾರ್ಖಾನೆ ಬರುವುದು ಬೇಡ ಎಂದು ಎಲ್ಲ ಸಮುದಾಯದ ಜನ ಬೀದಿಗಿಳಿದರು. ಕಾರ್ಖಾನೆ ಬೇಕೆನ್ನುವವರ ಮನೆಯಲ್ಲಿ ಕೆಲಸವಿಲ್ಲದ ಮಗ ಇದ್ದಾನೆ, ಬೇಡವೆನ್ನುವವರ ಮನೆಯಲ್ಲಿ ಕರಿಧೂಳಿಗೆ ಕೆಮ್ಮುವ ಮಗು ಇದೆ. ಇಬ್ಬರ ನೋವೂ ನಿಜ. ಮಿಂಬರಿನಿಂದ ಒಂದು ಮಾತಿನಲ್ಲಿ ತೀರ್ಪು ಕೊಡುವ ವಿಷಯ ಇದಲ್ಲ. ನಾವು ಹೇಳುವುದು ಇಷ್ಟೇ: ದೊಡ್ಡ ಕಾರ್ಖಾನೆಗೆ ಪರಿಸರ ಅನುಮತಿ ಕೊಡುವ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಯಬೇಕೆಂದು 2006ರ ಕೇಂದ್ರ ಅಧಿಸೂಚನೆ ಹೇಳುತ್ತದೆ. ಅದಕ್ಕೆ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಆ ಪ್ರಕಟಣೆಯನ್ನು ಓದಿ ಜನರಿಗೆ ಹೇಳುವ ಒಬ್ಬ ಹುಡುಗ ಪ್ರತಿ ಜಮಾಅತಿನಲ್ಲಿ ಇರಬೇಕು. ಜಮೀನು ಹೋದ ಮೇಲೆ, ಚಿಮಣಿ ಎದ್ದ ಮೇಲೆ ಬೀದಿಗೆ ಬರುವುದಕ್ಕಿಂತ, ಯೋಜನೆ ಕಾಗದದ ಮೇಲಿರುವಾಗಲೇ ಕುಳಿತು ಕೇಳುವುದು ಮೇಲು.

ಯೂಸುಫ್(ಅ)ರ ಏಳು ವರ್ಷ

"ರಿಝ್ಕ್ ಕೊಡುವವನು ಅಲ್ಲಾಹ್, ಯೋಜನೆ ಗೀಜನೆ ನಮಗೇಕೆ?" ಎಂದು ಕೆಲವರು ಕೇಳುತ್ತಾರೆ. 'ಯೂಸುಫ್' ಅಧ್ಯಾಯ ಓದಿರಿ. ಈಜಿಪ್ಟಿನ ರಾಜನ ಕನಸಿಗೆ ಯೂಸುಫ್(ಅ) ಅರ್ಥ ಹೇಳಿ ಸುಮ್ಮನಾಗಲಿಲ್ಲ. ಏಳು ವರ್ಷ ಬಿತ್ತಬೇಕು, ತಿನ್ನಲು ಬೇಕಾದಷ್ಟನ್ನು ಬಿಟ್ಟು ಉಳಿದ ಕಾಳನ್ನು ತೆನೆಯಲ್ಲೇ ಇಡಬೇಕು, ಮುಂದಿನ ಏಳು ಕಠಿಣ ವರ್ಷಗಳಿಗೆ ಅದು ಬೇಕು ಎಂದು ಯೋಜನೆಯನ್ನೇ ಕೊಟ್ಟರು. ಆ ಯೋಜನೆಯಿಂದ ಬದುಕಿದವರು ಅವರ ಧರ್ಮದವರಷ್ಟೇ ಅಲ್ಲ. ಆ ರಾಜ್ಯದ ಜನರೂ ಬದುಕಿದರು, ದೂರದಿಂದ ಚೀಲ ಹಿಡಿದು ಬಂದವರೂ ಬದುಕಿದರು. ಅಲ್ಲಾಹನ ಪ್ರವಾದಿ ಉಗ್ರಾಣದ ಹೊಣೆಯನ್ನು ತಾವೇ ಕೇಳಿ ಪಡೆದರು. ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಾಗಿದ್ದರೆ ಅವರು ಹಾಗೆ ಮಾಡುತ್ತಿರಲಿಲ್ಲ. ಕುಷ್ಟಗಿ, ಯಲಬುರ್ಗಾದಂಥ ಬರದ ಸೀಮೆಯವರಿಗೆ ಈ ಅಧ್ಯಾಯ ದಾರಿದೀಪ. ಕೆರೆಯ ಹೂಳು ತೆಗೆಯುವುದು, ಕೃಷಿ ಹೊಂಡ ತೋಡುವುದು, ಬದು ಹಾಕುವುದು ಇವೆಲ್ಲ ನಮ್ಮ ಕಾಲದ ತೆನೆಗಳು.

"ಅದು ರಾಜಕೀಯ, ಮಸೀದಿಗೇಕೆ?" ಎಂದು ಇನ್ನು ಕೆಲವರು ಕೇಳುತ್ತಾರೆ. ಯಾರಿಗೆ ಓಟು ಹಾಕಬೇಕೆಂದು ನಾವು ಮಿಂಬರಿನಿಂದ ಹೇಳುವುದಿಲ್ಲ, ಹೇಳಲೂಬಾರದು. ಕುಡಿಯುವ ನೀರನ್ನು ಕೇಳುವುದು ಯಾವ ಪಕ್ಷದ ಕೆಲಸವೂ ಅಲ್ಲ.

ಈ ತಿಂಗಳಿಂದಲೇ ಮಾಡಬೇಕಾದದ್ದು

ಒಂದು: ವಾರ್ಡ್ ಸಭೆ, ಗ್ರಾಮಸಭೆಯ ದಿನಾಂಕವನ್ನು ಪಂಚಾಯಿತಿಯಲ್ಲಿ ವಿಚಾರಿಸಿ, ಹಿಂದಿನ ಜುಮಾದಲ್ಲಿ ಮಸೀದಿಯಲ್ಲಿ ಹೇಳಿರಿ. ಮಹಿಳಾ ಗ್ರಾಮಸಭೆ, ಮಕ್ಕಳ ಗ್ರಾಮಸಭೆ ಬೇರೆ ನಡೆಯುತ್ತವೆ. ಅವುಗಳ ದಿನವನ್ನೂ ಮನೆಗೆ ಮುಟ್ಟಿಸಿರಿ.

ಎರಡು: ಸಭೆಗೆ ಮೊದಲು ಓಣಿಯಲ್ಲಿ ಮಶೂರಾ ಮಾಡಿರಿ. ಹೆಣ್ಣುಮಕ್ಕಳನ್ನು, ಗುಳೆ ಹೋಗಿ ಬಂದವರನ್ನು, ಕೂಲಿಯವರನ್ನು ಮೊದಲು ಕೇಳಿರಿ. ಹತ್ತು ಬೇಡಿಕೆ ಬೇಡ, ಮೂರು ಸಾಕು.

ಮೂರು: ಬೇಡಿಕೆ ಬರವಣಿಗೆಯಲ್ಲಿರಲಿ. ಸ್ವೀಕೃತಿ ಪಡೆಯಿರಿ. ನಡಾವಳಿಯಲ್ಲಿ ಬರೆದದ್ದನ್ನು ಓದಿಸಿ ಕೇಳಿ, ಆಮೇಲೆ ಸಹಿ ಹಾಕಿರಿ. ಸಭೆಗೆ ಹೋಗದೆ ಮನೆಗೆ ಬಂದ ಪುಸ್ತಕಕ್ಕೆ ಸಹಿ ಹಾಕುವುದು ಸುಳ್ಳು ಸಾಕ್ಷಿ ಹೇಳಿದಂತೆ.

ನಾಲ್ಕು: ಒಪ್ಪಿದ ಯೋಜನೆ 'ಇ-ಗ್ರಾಮ ಸ್ವರಾಜ್' ಜಾಲತಾಣದಲ್ಲಿ ಮೊಬೈಲಿನಲ್ಲೇ ಕಾಣುತ್ತದೆ. ಓದಿದ ಹುಡುಗರು ಅದನ್ನು ನೋಡಿ ಹಿರಿಯರಿಗೆ ತಿಳಿಸಲಿ. ಮಾಹಿತಿ ಬೇಕಾದರೆ ಮಾಹಿತಿ ಹಕ್ಕು ಕಾಯ್ದೆ ಇದೆ, 30 ದಿನದಲ್ಲಿ ಉತ್ತರ ಕೊಡಬೇಕು. ಕೊಪ್ಪಳ, ಗಂಗಾವತಿ ನಗರದವರು ನಗರಸಭೆಯ ಬಜೆಟ್ ಪೂರ್ವಭಾವಿ ಸಭೆಗೆ ಹೋಗಿರಿ.

ಐದು: ನಮ್ಮ ಬೇಡಿಕೆಯ ಜೊತೆ ನೆರೆಯ ಓಣಿಯ ಒಂದು ಬೇಡಿಕೆಯನ್ನೂ ಹಿಡಿದುಕೊಂಡು ಹೋಗಿರಿ. ಮಾತು ಸೌಮ್ಯವಾಗಿರಲಿ. ಒಪ್ಪದಿದ್ದರೆ ಜಗಳವಾಡಿ ಎದ್ದು ಬರಬೇಡಿರಿ. ಆರು ತಿಂಗಳಿಗೆ ಮತ್ತೆ ಹೋಗಿರಿ, ಹಿಂದಿನ ತೀರ್ಮಾನ ಏನಾಯಿತೆಂದು ಮೊದಲು ಅದನ್ನೇ ಕೇಳಿರಿ.

ಸಹೋದರರೇ, ನಮ್ಮ ಊರಿನ ಲೆಕ್ಕ ಒಪ್ಪಿಸಿ ಮಾತು ಮುಗಿಸುತ್ತೇವೆ. ನಾವು ಕೇಳಿದ್ದು ಮೂರು. ಪೈಪು ಕೇರಿಯನ್ನು ದಾಟಿ ನಮ್ಮ ಓಣಿಗೆ ಬಂತು, ನೀರು ಬಿಡುವ ವೇಳೆಯೂ ಬದಲಾಯಿತು. ಹೈಸ್ಕೂಲಿಗೆ ಹೋಗುವ ದಾರಿಯ ಹಳ್ಳಕ್ಕೆ ಸಿಡಿ ಕಟ್ಟಲು ಮತ್ತೊಂದು ವರ್ಷ ಹಿಡಿಯಿತು. ಹೆಣ್ಣುಮಕ್ಕಳ ಹೊಲಿಗೆ ತರಬೇತಿ ಕೇಂದ್ರ ಇನ್ನೂ ಬಂದಿಲ್ಲ, ಪ್ರತಿ ಸಭೆಯಲ್ಲೂ ಕೇಳುತ್ತಿದ್ದೇವೆ. ಖಬರಸ್ತಾನದ ಗೋಡೆಯನ್ನು ಜಮಾಅತಿನವರೇ ಸ್ವಲ್ಪ ಸ್ವಲ್ಪವಾಗಿ ಕಟ್ಟುತ್ತಿದ್ದಾರೆ. ಆ ಹುಡುಗಿ ಈಗ ಹೈಸ್ಕೂಲಿನಲ್ಲಿದ್ದಾಳೆ. ಅವಳ ಅಜ್ಜಿ ಕಳೆದ ವರ್ಷ ಅಲ್ಲಾಹನ ಕಡೆಗೆ ಹೊರಟುಹೋದರು. ಗೋಡೆ ಇನ್ನೂ ಅರ್ಧ ಇರುವ ಖಬರಸ್ತಾನದಲ್ಲೇ ಅವರನ್ನು ದಫನ್ ಮಾಡಿದೆವು. ಅವರ ಮಗ್ಫಿರತ್‌ಗಾಗಿ ದುಆ ಮಾಡಿರಿ.

ಓ ಅಲ್ಲಾಹ್, ನಮ್ಮ ನೆಲಕ್ಕೆ ಹದವಾದ ಮಳೆ ಕೊಡು. ನಮ್ಮ ಕೆರೆ ಬಾವಿಗಳನ್ನು ತುಂಬಿಸು. ಗುಳೆ ಹೋದ ನಮ್ಮ ಮಕ್ಕಳನ್ನು ಕ್ಷೇಮವಾಗಿ ಮನೆಗೆ ಮರಳಿಸು. ಕೂಡಿ ಕುಳಿತು ಆಲೋಚಿಸುವ ಬುದ್ಧಿಯನ್ನು, ನೆರೆಯವರಿಗಾಗಿ ಮಾತಾಡುವ ಮನಸ್ಸನ್ನು ನಮಗೆ ಕೊಡು. ಅಮಾನತ್ತಿನ ವಿಷಯದಲ್ಲಿ ನಾವು ಮಾಡಿದ ಅಸಡ್ಡೆಯನ್ನು ಕ್ಷಮಿಸು. ಆಮೀನ್.